ಹಳೆ ಟಿವಿಯ ಖರ್ಚು ಯಾರ ತಲೆಗೆ? ಅಮೆರಿಕದ ರಾಜ್ಯ ಕಾನೂನುಗಳನ್ನು ಹೋಲಿಸಿದ ನನ್ನ ಅನುಭವ

ನಾನಿರುವುದು ಮಿನ್ನೆಸೋಟದಲ್ಲಿ. ಕಂಪ್ಯೂಟರ್ ಮಾನಿಟರ್ ಮಾರುವ ಒಂದು ಕಂಪನಿಯಲ್ಲಿ ಪರಿಸರ ಕಾನೂನುಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಮಾನಿಟರ್ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಮಾರಾಟವಾಗುತ್ತದೆ. ಮಾರಿದ ಸಾಮಾನು ಹಳೆಯದಾಗಿ ಕೆಟ್ಟು ಕೂತಾಗ ಅದನ್ನು ವಾಪಸ್ ತೆಗೆದುಕೊಂಡು ರೀಸೈಕಲ್ ಮಾಡಿಸುವ ಖರ್ಚು ಯಾರದು? ಇದನ್ನು ಹೇಳುವ ಕೇಂದ್ರ ಸರ್ಕಾರದ ಕಾನೂನೇ ಇಲ್ಲಿಲ್ಲ. 25 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. ತಮಗೆ ಸರಿ ಕಂಡ ಹಾಗೆ ತಾವೇ ಕಾನೂನು ಮಾಡಿಕೊಂಡಿವೆ. ಅವನ್ನೆಲ್ಲ ಅಕ್ಕಪಕ್ಕ ಇಟ್ಟು ಹೋಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಇಂಥ ಕೆಲಸ ಅಂದರೆ ಎಲ್ಲರೂ ಮೊದಲು ಎಕ್ಸೆಲ್ ಶೀಟ್ ತೆರೆಯುತ್ತಾರೆ. ಸಾಲಿಗೊಂದು ರಾಜ್ಯ. ಕಾನೂನು ಬಂದ ವರ್ಷ, ರೆಜಿಸ್ಟ್ರೇಷನ್ ಶುಲ್ಕ, ರಿಪೋರ್ಟ್ ಕೊಡುವ ಕೊನೆ ದಿನ, ಯಾವ ಯಾವ ಸಾಮಾನು ಸೇರುತ್ತದೆ, ಇವೆಲ್ಲ ಬೇಕೇ ಬೇಕು. ಆದರೆ ಇಷ್ಟನ್ನೇ ನೋಡಿದರೆ ಎಲ್ಲ ರಾಜ್ಯಗಳೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಾಗಾಗಿ ನಾನು ಎಲ್ಲದಕ್ಕಿಂತ ಮುಂಚೆ ಒಂದು ಪ್ರಶ್ನೆ ಇಟ್ಟುಕೊಂಡೆ: ಈ ರಾಜ್ಯದಲ್ಲಿ ನಮ್ಮ ತಲೆಗೆ ಎಷ್ಟು ಪೌಂಡ್ ತೂಕದ ಹಳೆ ಸಾಮಾನು ಬೀಳುತ್ತದೆ, ಆ ಅಂಕಿ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ, ದೂರದ ಹಳ್ಳಿಯವರಿಗೆ ಹಳೆ ಟಿವಿ ಕೊಡಲು ಒಂದು ಜಾಗ ಸಿಗುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗಿಬಿಡುತ್ತದೆ.

ಕ್ಯಾಲಿಫೋರ್ನಿಯಾವನ್ನು ಮೊದಲೇ ಬೇರೆ ಇಟ್ಟೆ. ಅಲ್ಲಿ ಕಾನೂನು ಬಂದದ್ದು 2003ರಲ್ಲಿ, ಶುಲ್ಕ ಶುರುವಾದದ್ದು 2005ರ ಜನವರಿಯಲ್ಲಿ. ಕಟ್ಟುವವನು ಗ್ರಾಹಕ. ಅಂಗಡಿಯಲ್ಲಿ ಹೊಸ ಟಿವಿ, ಮಾನಿಟರ್ ಕೊಳ್ಳುವಾಗಲೇ ಪರದೆಯ ಅಳತೆ ನೋಡಿ ಆಗ 6, 8 ಅಥವಾ 10 ಡಾಲರ್ ಸೇರಿಸುತ್ತಿದ್ದರು. ಅಂಗಡಿಯವರು ಅದರಲ್ಲಿ ಶೇ. 3 ಇಟ್ಟುಕೊಂಡು ಉಳಿದದ್ದನ್ನು ರಾಜ್ಯಕ್ಕೆ ಕಟ್ಟುತ್ತಾರೆ. ಹಳೆ ಸಾಮಾನು ಕೂಡಿಸುವವರಿಗೂ ಬಿಚ್ಚಿ ಬೇರ್ಪಡಿಸುವವರಿಗೂ ರಾಜ್ಯವೇ ಪೌಂಡಿಗಿಷ್ಟು ಎಂದು ಕೊಡುತ್ತದೆ. ಶುರುವಿನಲ್ಲಿ ಎರಡೂ ಸೇರಿ ಪೌಂಡಿಗೆ 48 ಸೆಂಟ್ ಇತ್ತು. ತಯಾರಕರ ಜೇಬಿಗೆ ನೇರವಾಗಿ ಕೈ ಹಾಕದ ಪದ್ಧತಿ ಇದು. ಯೂಟಾ ಕೂಡ ಬೇರೆಯೇ. ಅಲ್ಲಿ ಜನರಿಗೆ ಮಾಹಿತಿ ಕೊಟ್ಟು ವರದಿ ಸಲ್ಲಿಸಿದರೆ ಮುಗಿಯಿತು. ಉಳಿದ ಕಡೆ ಹೊಣೆ ತಯಾರಕರದ್ದೇ. ಆದರೆ ಅಳೆಯುವ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು.

ಇಂಥ ಹೊಣೆಯನ್ನು ಮೊದಲು ತಯಾರಕರ ಮೇಲೆ ಹಾಕಿದ್ದು ಮೇನ್ ರಾಜ್ಯ, 2004ರಲ್ಲಿ. ಆರಂಭದಲ್ಲಿ ಅಲ್ಲಿ ವಾಪಸ್ ಬಂದ ಒಂದೊಂದು ಟಿವಿಯ ಬ್ರ್ಯಾಂಡ್ ಹೆಸರನ್ನೂ ಬರೆದುಕೊಂಡು ಆಯಾ ಕಂಪನಿಗೆ ಬಿಲ್ ಕಳಿಸುತ್ತಿದ್ದರು. ಕಂಪನಿಯೇ ಮುಚ್ಚಿಹೋಗಿದ್ದರೆ ಆ ಟಿವಿಗಳ ಖರ್ಚನ್ನು ಉಳಿದವರಿಗೆ ಹಂಚುತ್ತಿದ್ದರು. ನ್ಯೂಯಾರ್ಕ್ ಹೋದ ದಾರಿಯೇ ಬೇರೆ. 2010ರ ಕಾನೂನು, 2011ರ ಏಪ್ರಿಲ್ 1ರಿಂದ ಜಾರಿ. ಹಳೆ ಟಿವಿ ಯಾರ ಬ್ರ್ಯಾಂಡ್ ಅಂತ ಅಲ್ಲಿ ನೋಡುವುದಿಲ್ಲ. ಇಡೀ ರಾಜ್ಯಕ್ಕೆ ಒಂದು ಗುರಿ ಇಟ್ಟು, ಇವತ್ತಿನ ಮಾರುಕಟ್ಟೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚುತ್ತಾರೆ. ಹೋಟೆಲಿನಲ್ಲಿ ತಿಂದವರು ತಾವು ತಿಂದದ್ದಕ್ಕೆ ಕೊಡುವುದು ಮೇನ್ ಪದ್ಧತಿ. ಈಗ ಮೇಜಿನ ಮುಂದೆ ಕೂತವರು, ಮುಂಚೆ ತಿಂದು ಎದ್ದು ಹೋದವರ ಬಿಲ್ಲನ್ನೂ ಸೇರಿಸಿ ಹಂಚಿಕೊಳ್ಳುವುದು ನ್ಯೂಯಾರ್ಕ್ ಪದ್ಧತಿ.

ನ್ಯೂಯಾರ್ಕಿನ 2013ರ ಗುರಿಯನ್ನೇ ನೋಡಿ. ತಲೆಗೆ 5 ಪೌಂಡ್, ಅಂದರೆ ಸುಮಾರು ಎರಡೂಕಾಲು ಕಿಲೋ. ಆಗಿನ ಜನಸಂಖ್ಯೆ 1.94 ಕೋಟಿ ಹತ್ತಿರ. ಗುಣಿಸಿದರೆ ಸುಮಾರು 9.7 ಕೋಟಿ ಪೌಂಡ್. ತೂಕದ ಲೆಕ್ಕದಲ್ಲಿ ಒಂದು ಕಂಪನಿಯ ಮಾರುಕಟ್ಟೆ ಪಾಲು ಶೇ. 1 ಇದ್ದರೂ 9.7 ಲಕ್ಷ ಪೌಂಡ್ ಅದರ ತಲೆಗೆ. ಗುರಿ ಮುಟ್ಟದಿದ್ದರೆ ಕಡಿಮೆ ಬಿದ್ದ ಪ್ರತಿ ಪೌಂಡಿಗೆ 30ರಿಂದ 50 ಸೆಂಟ್ ಹೆಚ್ಚುವರಿ ಶುಲ್ಕ. ಎಷ್ಟು ಹಿಂದೆ ಬಿದ್ದರೋ ದರ ಅಷ್ಟು ಜಾಸ್ತಿ. ಆಮೇಲಿನ ವರ್ಷಗಳಿಗೆ ಹಿಂದಿನ ಮೂರು ವರ್ಷ ನಿಜವಾಗಿ ಕೂಡಿದ ತೂಕದ ಸರಾಸರಿಯಿಂದ ಗುರಿ ಹುಟ್ಟುತ್ತದೆ. 2015ರ ಜನವರಿಯಿಂದ ಮನೆಯವರೂ ಇವನ್ನು ಕಸದ ಜೊತೆ ಎಸೆಯುವಂತಿಲ್ಲ.

ನಮ್ಮ ಮಿನ್ನೆಸೋಟದ 2007ರ ಕಾನೂನು ನನಗೆ ತುಂಬಾ ಪಾಠ ಕಲಿಸಿತು. ಇಲ್ಲಿನ ಲೆಕ್ಕದ ವರ್ಷ ಜುಲೈನಿಂದ ಜೂನ್. ಕಂಪನಿ ರಾಜ್ಯದ ಮನೆಗಳಿಗೆ ಮಾರಿದ ಟಿವಿ, ಮಾನಿಟರ್, ಲ್ಯಾಪ್‌ಟಾಪ್‌ಗಳ ತೂಕ ಎಷ್ಟೋ, ಮೊದಲ ವರ್ಷ ಅದರ ಶೇ. 60ರಷ್ಟು, ಆಮೇಲೆ ಶೇ. 80ರಷ್ಟು ಹಳೆ ಸಾಮಾನನ್ನು ರೀಸೈಕಲ್ ಮಾಡಿಸಬೇಕಿತ್ತು. ಮಾರಾಟದ ಲೆಕ್ಕಕ್ಕೆ ಪರದೆ ಇರುವ ಸಾಮಾನು ಮಾತ್ರ. ಆದರೆ ಕೂಡಿಸಿದ ಲೆಕ್ಕಕ್ಕೆ ಪ್ರಿಂಟರ್, ಕೀಬೋರ್ಡ್, ಹಳೆ ವಿಸಿಆರ್ ಎಲ್ಲವೂ ಸೇರುತ್ತವೆ. ಇದರ ಜೊತೆ ಇನ್ನೊಂದು ಒಳ್ಳೆ ಅಂಶ ಇದೆ. ಮಿನಿಯಾಪೊಲಿಸ್ ನಗರದ ಸುತ್ತಲಿನ 11 ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಹೊರಗೆ ಕೂಡಿಸಿದ ಒಂದು ಪೌಂಡನ್ನು ಒಂದೂವರೆ ಪೌಂಡ್ ಅಂತ ಎಣಿಸುತ್ತಾರೆ. ಕಂಪನಿ 1 ಲಕ್ಷ ಪೌಂಡ್ ಮಾರಿದೆ ಅಂದುಕೊಳ್ಳಿ. ಗುರಿ 80 ಸಾವಿರ. ಎಲ್ಲವನ್ನೂ ಹಳ್ಳಿ ಕಡೆಯಿಂದಲೇ ತಂದರೆ 53 ಸಾವಿರ ಚಿಲ್ಲರೆ ಪೌಂಡ್ ಸಾಕು. ಲಾರಿ ದೂರ ಹೋಗುವ ಖರ್ಚು ಇದರಲ್ಲೇ ವಸೂಲಾಗುತ್ತದೆ. ಹಳ್ಳಿಗೆ ಲಾರಿ ಕಳಿಸಿ ಅಂತ ಕಾನೂನು ಎಲ್ಲೂ ಹೇಳಿಲ್ಲ. ಲೆಕ್ಕವೇ ಕಳಿಸುತ್ತದೆ.

ಕಾಗದದ ಮೇಲೆ ಇಷ್ಟು ಓದಿಕೊಂಡ ಮೇಲೆ ನಾನು ಉತ್ತರದ ಕಡೆಯ ಒಂದು ಕೌಂಟಿಯ ಸಂಗ್ರಹ ಕೇಂದ್ರಕ್ಕೆ ಹೋದೆ. ಈ ಕೆಲಸ ಮಾಡುವವರೆಲ್ಲ ಒಮ್ಮೆಯಾದರೂ ಹೋಗಲೇಬೇಕು ಅನ್ನುತ್ತೇನೆ. ಶನಿವಾರ ಬೆಳಿಗ್ಗೆ ಪಿಕಪ್ ಲಾರಿಗಳು ಸಾಲಾಗಿ ನಿಂತಿದ್ದವು. ಒಂದರಿಂದ 27 ಇಂಚಿನ ಡಬ್ಬಾ ಟಿವಿ ಇಳಿಸಿದರು. ಇಬ್ಬರು ಹಿಡಿದರೂ ಬೆನ್ನು ಬಾಗುವಷ್ಟು ಭಾರ. ಮರದ ಪ್ಯಾಲೆಟ್ ಮೇಲೆ ಅಂಥವನ್ನು ಪಿಕ್ಚರ್ ಟ್ಯೂಬಿನ ಮುಖ ಒಳಗಾಗುವಂತೆ ಜೋಡಿಸಿ, ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿದು, ನೆಲಕ್ಕೆ ಕೂರಿಸಿದ ತಕ್ಕಡಿ ಮೇಲೆ ತಳ್ಳುತ್ತಿದ್ದರು. ಕೇಂದ್ರದವರು ಒಂದು ಟಿವಿಯನ್ನು ನನ್ನೆದುರು ಬೇರೆಯಾಗಿ ತೂಗಿ ತೋರಿಸಿದರು. 90 ಪೌಂಡ್ ದಾಟಿತ್ತು. ನಮ್ಮ ಹೊಸ 24 ಇಂಚಿನ ಮಾನಿಟರ್ 8 ಪೌಂಡ್ ಆಸುಪಾಸು. ಅಂದರೆ ಆ ಒಂದು ಡಬ್ಬಾ ಟಿವಿ ನಮ್ಮ ಹನ್ನೊಂದು ಮಾನಿಟರ್‌ಗಳ ತೂಕವನ್ನು ನುಂಗಿಬಿಡುತ್ತದೆ.

ಮಾರಾಟದ ತೂಕದ ಮೇಲೆ ನಿಂತ ಕಾನೂನುಗಳ ಕಷ್ಟ ಇರುವುದು ಇಲ್ಲೇ. ಹೊಸ ಸಾಮಾನು ವರ್ಷದಿಂದ ವರ್ಷಕ್ಕೆ ಹಗುರವಾಗುತ್ತದೆ. ಮಾರಾಟದ ತೂಕ ಇಳಿಯುತ್ತದೆ, ಗುರಿಯೂ ಇಳಿಯುತ್ತದೆ. ಮನೆಯ ನೆಲಮಾಳಿಗೆಯಿಂದ ಹೊರಗೆ ಬರುವುದು ಮಾತ್ರ 90 ಪೌಂಡಿನ ಟಿವಿಗಳು. ಕಂಪನಿಗಳು ವರ್ಷ ಮುಗಿಯುವ ಮುಂಚೆಯೇ ಗುರಿ ಮುಟ್ಟಿ ದುಡ್ಡು ಕೊಡುವುದನ್ನು ನಿಲ್ಲಿಸುತ್ತವೆ. ಆಮೇಲೆ ಬರುವ ಟಿವಿಗಳ ಖರ್ಚು ಕೌಂಟಿಯ ತಲೆಗೆ. ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಸೀಸ ಇರುತ್ತದೆ, ಅದನ್ನು ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ. ಒಂದು ಕಾಲಕ್ಕೆ ಅಮೆರಿಕದ ಈ ಗಾಜು ಗುಜರಾತಿನ ಭರೂಚ್‌ನಲ್ಲಿದ್ದ ವಿಡಿಯೋಕಾನ್ ಕುಲುಮೆಗೆ ಹೋಗಿ ಮತ್ತೆ ಟ್ಯೂಬ್ ಆಗುತ್ತಿತ್ತು. ಡಬ್ಬಾ ಟಿವಿ ಕೊಳ್ಳುವವರೇ ಇಲ್ಲವಾದ ಮೇಲೆ ಆ ದಾರಿಯೂ ಮುಚ್ಚಿತು. ಪೆನ್ಸಿಲ್ವೇನಿಯಾದಲ್ಲಿ ಟಿವಿಯನ್ನು ಕಸಕ್ಕೆ ಹಾಕುವಂತಿಲ್ಲ, ವಾಪಸ್ ತೆಗೆದುಕೊಳ್ಳುವವರು ಜನರ ಹತ್ತಿರ ಶುಲ್ಕ ಕೇಳುವಂತೆಯೂ ಇಲ್ಲ. 2016ರಲ್ಲಿ ಬೆಸ್ಟ್ ಬೈ ಅಂಗಡಿಗಳು ಬೇರೆ ರಾಜ್ಯಗಳಲ್ಲಿ ಶುಲ್ಕ ಹಾಕಲು ಶುರು ಮಾಡಿದವು. ಪೆನ್ಸಿಲ್ವೇನಿಯಾ, ಇಲಿನಾಯ್‌ಗಳಲ್ಲಿ ಮಾತ್ರ ಹಳೆ ಟಿವಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಜನ ಏನು ಮಾಡಬೇಕು ಹೇಳಿ? ರಸ್ತೆ ಬದಿಯಲ್ಲಿ ಟಿವಿ ಬಿದ್ದಿದ್ದರೆ ಅದಕ್ಕೆ ಜನರ ಸೋಮಾರಿತನ ಕಾರಣ ಅಂತ ನಾನು ಒಪ್ಪುವುದಿಲ್ಲ.

ಇದಕ್ಕೆ ಪರಿಹಾರ ಅಂತ ನನಗೆ ಕಾಣುವುದು ವಾಷಿಂಗ್ಟನ್ ರಾಜ್ಯದ ರೀತಿ. ಕಾನೂನು 2006ರದ್ದು, ಕೆಲಸ ಶುರುವಾದದ್ದು 2009ರ ಜನವರಿಯಲ್ಲಿ. ಅಲ್ಲಿ ಮೊದಲು ಕೇಳುವುದು ಪೌಂಡನ್ನಲ್ಲ, ಜಾಗವನ್ನು. ಪ್ರತಿ ಕೌಂಟಿಯಲ್ಲಿ ಮತ್ತು 10 ಸಾವಿರಕ್ಕಿಂತ ಹೆಚ್ಚು ಜನರಿರುವ ಪ್ರತಿ ಊರಿನಲ್ಲಿ ಸಂಗ್ರಹದ ವ್ಯವಸ್ಥೆ ಇರಲೇಬೇಕು. ಎಷ್ಟು ಬಂದರೂ ತೆಗೆದುಕೊಳ್ಳಬೇಕು. ಖರ್ಚನ್ನು ಕಂಪನಿಗಳು ತಮ್ಮ ತಮ್ಮ ಪಾಲಿನಂತೆ ಹಂಚಿಕೊಳ್ಳುತ್ತವೆ. ನವೆಂಬರಿನಲ್ಲಿ ಗುರಿ ಮುಗಿಯಿತು ಅನ್ನುವ ಮಾತೇ ಇಲ್ಲ. ಇಲಿನಾಯ್ ಕೂಡ 2017ರಲ್ಲಿ ಹಳೆ ಗುರಿ ಪದ್ಧತಿ ಬಿಟ್ಟು, 2019ರಿಂದ ಕೌಂಟಿಯ ಜನಸಾಂದ್ರತೆ ನೋಡಿ ಇಷ್ಟು ಕೇಂದ್ರ ಅಂತ ನಿಗದಿ ಮಾಡುವ ದಾರಿಗೆ ಬಂತು. ಆದರೆ ಅಲ್ಲಿ ಕೌಂಟಿ ತಾನಾಗಿ ಬಂದು ಸೇರಿಕೊಳ್ಳಬೇಕು. ಸೇರದ ಕೌಂಟಿಯವರಿಗೆ ಆ ಸೌಲಭ್ಯ ಇಲ್ಲ. ಮಿನ್ನೆಸೋಟ 2016ರಲ್ಲಿ ಶೇ. 80ರ ಲೆಕ್ಕ ಬಿಟ್ಟು, ಇಡೀ ರಾಜ್ಯಕ್ಕೆ ಒಂದು ಗುರಿ ಇಟ್ಟು ಹಂಚುವುದಕ್ಕೆ ಬದಲಾಯಿತು. ಟೆಕ್ಸಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿನ 2007ರ ಕಂಪ್ಯೂಟರ್ ಕಾನೂನಿನಲ್ಲಿ ಪೌಂಡ್ ಗುರಿಯೇ ಇಲ್ಲ. ಕಂಪನಿ ತನ್ನ ಬ್ರ್ಯಾಂಡಿನ ಸಾಮಾನನ್ನು ಪುಕ್ಕಟೆ ವಾಪಸ್ ತೆಗೆದುಕೊಳ್ಳಲು ಒಂದು ದಾರಿ ತೋರಿಸಿದರೆ ಸಾಕು, ಅಂಚೆಯಲ್ಲಿ ಕಳಿಸಿ ಅಂದರೂ ನಡೆಯುತ್ತದೆ. ಹಳೆ ಭಾರದ ಮಾನಿಟರ್‌ಗೆ ಡಬ್ಬ ಹುಡುಕಿ ಪ್ಯಾಕ್ ಮಾಡಿ ಅಂಚೆಗೆ ಹೊರುವ ಜನ ಎಷ್ಟಿದ್ದಾರು?

ನಮ್ಮಂಥ ಕಂಪನಿಗಳ ಕಡೆಯ ವಾದವನ್ನೂ ಹೇಳಬೇಕು. ನಾವು ಹಗುರ ಪರದೆ ಮಾತ್ರ ಮಾರುತ್ತೇವೆ, ಯಾರೋ ಮಾರಿದ ಡಬ್ಬಾ ಟಿವಿಗೆ ನಾವೇಕೆ ಕಟ್ಟಬೇಕು? ಟಿವಿ ಮಾರುವ ವಿಝಿಯೊ ಕಂಪನಿ ಕನೆಕ್ಟಿಕಟ್ ರಾಜ್ಯದ ಕಾನೂನಿನ ವಿರುದ್ಧ ಕೋರ್ಟಿಗೆ ಹೋಯಿತು. ಕನೆಕ್ಟಿಕಟ್ ಟಿವಿ ಕಂಪನಿಗಳ ಪಾಲನ್ನು ಇಡೀ ದೇಶದ ಮಾರಾಟದ ಅಂಕಿಯಿಂದ ಲೆಕ್ಕ ಹಾಕುತ್ತದೆ. ಒಂದು ರಾಜ್ಯ ಬೇರೆ ರಾಜ್ಯಗಳ ವ್ಯಾಪಾರದ ಮೇಲೆ ಹೀಗೆ ಭಾರ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂಬುದು ವಿಝಿಯೊ ವಾದ. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ರಾಜ್ಯದ ಪರ ತೀರ್ಪು ಕೊಟ್ಟಿತು. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಹಳೆ ಕಂಪನಿಗಳಲ್ಲಿ ಎಷ್ಟೋ ಮುಚ್ಚಿಹೋಗಿವೆ. ಈಗ ವ್ಯಾಪಾರ ಮಾಡುತ್ತಿರುವವರು ಕೊಡದಿದ್ದರೆ ಆ ಖರ್ಚು ಊರಿನ ತೆರಿಗೆದಾರರಿಗೇ ತಾನೇ ಹೋಗುವುದು?

ಇನ್ನು ಶೀಟ್ ತುಂಬುವಾಗ ಕೈ ಹಿಡಿಯುವ ವಿಷಯಗಳು. ಮೊದಲನೆಯದು, ತಯಾರಕ ಅಂದರೆ ಯಾರು ಅನ್ನುವ ವ್ಯಾಖ್ಯೆ. ಕಾರ್ಖಾನೆ ನಡೆಸುವವರು ಅಂತ ತಿಳಿಯಬೇಡಿ. ಹೆಚ್ಚಿನ ರಾಜ್ಯಗಳಲ್ಲಿ ಬ್ರ್ಯಾಂಡ್ ಯಾರದೋ ಅವರು, ಇಲ್ಲವೇ ಆ ಹೆಸರನ್ನು ಬಾಡಿಗೆಗೆ ಪಡೆದವರು. ಅಂಗಡಿಯೇ ತನ್ನ ಹೆಸರಿನಲ್ಲಿ ಮಾನಿಟರ್ ಮಾರಿದರೆ ಅಂಗಡಿಯೇ ತಯಾರಕ. ಬ್ರ್ಯಾಂಡ್ ಒಪ್ಪಂದದ ಕಾಗದ ಕೈಯಲ್ಲಿಲ್ಲದೆ ಈ ಕಾಲಂ ತುಂಬಲೇಬಾರದು. ಎರಡನೆಯದು, ಯಾರು ತಂದುಕೊಟ್ಟದ್ದು ಲೆಕ್ಕಕ್ಕೆ ಬರುತ್ತದೆ? ಕೆಲವು ಕಡೆ ಮನೆಯವರು ಮಾತ್ರ. ವಾಷಿಂಗ್ಟನ್‌ನಲ್ಲಿ ಸಣ್ಣ ವ್ಯಾಪಾರಿಗಳು, ಶಾಲೆಗಳು, ಸಣ್ಣ ಸರ್ಕಾರಿ ಸಂಸ್ಥೆಗಳೂ ಸೇರುತ್ತವೆ.

ತೂಕದ ಕಾಲಂಗೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ನಾವು ಮಾರುವುದು ದೊಡ್ಡ ಅಂಗಡಿಗಳ ಗೋದಾಮಿಗೆ. ಅಲ್ಲಿಂದ ಯಾವ ಮಾನಿಟರ್ ಯಾವ ರಾಜ್ಯಕ್ಕೆ ಹೋಯಿತು ಅಂತ ನಮಗೆ ತಿಳಿಯುವುದಿಲ್ಲ. ಅದಕ್ಕೇ ಮಿನ್ನೆಸೋಟದಂಥ ರಾಜ್ಯಗಳು ದೇಶದ ಒಟ್ಟು ಮಾರಾಟವನ್ನು ಜನಸಂಖ್ಯೆಯ ಪ್ರಮಾಣದಲ್ಲಿ ಭಾಗಿಸಿ ಕೊಡಲು ಬಿಡುತ್ತವೆ. ಗೋದಾಮಿನ ಸಾಫ್ಟ್‌ವೇರ್ ಕೊಡುವುದು ರಟ್ಟಿನ ಡಬ್ಬ, ಥರ್ಮೊಕೋಲ್ ಎಲ್ಲ ಸೇರಿದ ತೂಕ. ಕಾನೂನಿಗೆ ಬೇಕಾದ್ದು ಮಾನಿಟರ್‌ನ ತೂಕ. ಪ್ರತಿ ಮಾಡೆಲ್‌ಗೂ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಎಲ್ಲ ರಾಜ್ಯಗಳ ರಿಪೋರ್ಟ್‌ಗೂ ಅದೇ ಪಟ್ಟಿ ನಡೆಯುತ್ತದೆ. ಕಾನೂನಿನ ಮೂಲ ಪಠ್ಯ ಓದಿ, ಆಮೇಲೆ ಆಯಾ ರಾಜ್ಯದ ಪರಿಸರ ಇಲಾಖೆಗೆ ಫೋನ್ ಮಾಡಿ ಕೇಳಿ. ಇದನ್ನು ನೋಡಿಕೊಳ್ಳುವವರು ಎಷ್ಟೋ ಕಡೆ ಒಬ್ಬರೋ ಇಬ್ಬರೋ ಇರುತ್ತಾರೆ, ತುಂಬಾ ತಾಳ್ಮೆಯಿಂದ ಹೇಳುತ್ತಾರೆ.

ನಮ್ಮ ಬೆಂಗಳೂರು ತಂಡದ ಹುಡುಗಿಯೊಬ್ಬಳು ಈ ಶೀಟ್ ನೋಡಿ ಕೇಳಿದಳು: "ಮೇಡಂ, ಇಲ್ಲೂ ಕರ್ನಾಟಕಕ್ಕೆ ಬೇರೆ, ತಮಿಳುನಾಡಿಗೆ ಬೇರೆ ಸಾಲು ಹಾಕಬೇಕಾ?" ಬೇಡ ಅಂದೆ. ಭಾರತದಲ್ಲಿ ಇಡೀ ದೇಶಕ್ಕೆ ಒಂದೇ ನಿಯಮ. ಮೊದಲು ಬಂದದ್ದು 2011ರಲ್ಲಿ, ಈಗಿರುವುದು 2022ರದ್ದು, 2023ರ ಏಪ್ರಿಲ್ 1ರಿಂದ ಜಾರಿ. 2023-24ಕ್ಕೆ ಗುರಿ ಶೇ. 60, 2027-28ರ ಹೊತ್ತಿಗೆ ಶೇ. 80. ಆದರೆ ಈ ಶೇಕಡಾ ಲೆಕ್ಕ ಹಾಕುವುದು ಈ ವರ್ಷದ ಮಾರಾಟದ ಮೇಲಲ್ಲ. ಸಾಮಾನಿನ ಸರಾಸರಿ ಆಯಸ್ಸು ನೋಡಿ, ಅಷ್ಟು ವರ್ಷ ಹಿಂದೆ ಮಾರಿದ ತೂಕದ ಮೇಲೆ. ಹೊಸದು ಹಗುರ, ಹಳೆಯದು ಭಾರ ಅನ್ನುವ ಕಷ್ಟ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ. ಅಮೆರಿಕದ ರಾಜ್ಯಗಳು ಇದನ್ನು ನೋಡಬೇಕು ಅಂತ ನನ್ನ ಆಸೆ.

ಸದ್ಯ ನನ್ನ ಶೀಟ್‌ನಲ್ಲಿ ಹೊಸ ಕಾಲಂ ಸೇರಿರುವುದು, ಮೊದಲೇ ಪಕ್ಕಕ್ಕಿಟ್ಟಿದ್ದ ಆ ಕ್ಯಾಲಿಫೋರ್ನಿಯಾ ಸಾಲಿನಲ್ಲೇ. 2026ರ ಜನವರಿ 1ರಿಂದ ಅಲ್ಲಿ ಪರದೆ ಇಲ್ಲದಿದ್ದರೂ, ಸುಲಭವಾಗಿ ಬಿಚ್ಚಲಾಗದ ಬ್ಯಾಟರಿ ಒಳಗಿರುವ ಸಾಮಾನಿಗೂ ಶುಲ್ಕ ಇದೆ. ಬೆಲೆಯ ಶೇ. 1.5, ಹೆಚ್ಚೆಂದರೆ 15 ಡಾಲರ್. ದುಡ್ಡು ಕಟ್ಟುವವನು ಇಲ್ಲೂ ಗ್ರಾಹಕನೇ. ಆದರೆ ಯಾವ ಯಾವ ಮಾಡೆಲ್ ಇದರಲ್ಲಿ ಬರುತ್ತದೆ ಅಂತ ಪ್ರತಿ ವರ್ಷ ಜುಲೈ 1ರೊಳಗೆ ರಾಜ್ಯಕ್ಕೂ ಅಂಗಡಿಗಳಿಗೂ ತಿಳಿಸುವುದು ತಯಾರಕರ ಕೆಲಸ. ವೈರ್‌ಲೆಸ್ ಕೀಬೋರ್ಡ್, ಹೆಡ್‌ಫೋನ್ ಮಾರುವವರು ಈಗಲೇ ತಮ್ಮ ಮಾಡೆಲ್‌ಗಳ ಬ್ಯಾಟರಿ ಪಟ್ಟಿ ಮಾಡಿಟ್ಟುಕೊಳ್ಳಿ.