ಮೊದಲು ಲಸಿಕೆ, ಆಮೇಲೆ ಇಮೇಲ್

ಅಮೆರಿಕದ ಆಸ್ಪತ್ರೆಯಲ್ಲಿ ಎಲೆಕ್ಟಿವ್ ಮಾಡಬೇಕು ಎಂದಿರುವ ಎಂಬಿಬಿಎಸ್ ಮಕ್ಕಳಿಗೆ

ಕಳೆದ ವರ್ಷ ಜೂನ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಫೈಲ್ ಹಿಡಿದು ನನ್ನ ಕೋಣೆಗೆ ಬಂದಳು. ಅಮೆರಿಕದ ಒಂದು ವಿಶ್ವವಿದ್ಯಾಲಯ ಅವಳಿಗೆ ಆಗಸ್ಟ್‌ನಲ್ಲಿ ನಾಲ್ಕು ವಾರದ ಕಾರ್ಡಿಯಾಲಜಿ ಎಲೆಕ್ಟಿವ್, ಅಂದರೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕಲಿಯುವ ಅವಕಾಶ, ಕೊಟ್ಟಿತ್ತು. ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ. "ಮೇಡಂ, ಹೆಪಟೈಟಿಸ್ ಬಿ ರಿಪೋರ್ಟ್ ಕೇಳ್ತಿದ್ದಾರೆ. ನಾನು ಮೊದಲ ವರ್ಷದಲ್ಲಿ ಒಂದೇ ಡೋಸ್ ಹಾಕಿಸಿಕೊಂಡಿದ್ದು" ಎಂದಳು. ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಅವಳ ಹತ್ತಿರ ಇದ್ದದ್ದು ಏಳು ವಾರ. ಸೀಟು ಹೋಯಿತು.

ಬೆಂಗಳೂರಿನಲ್ಲಿ ಮೆಡಿಕಲ್ ಮಕ್ಕಳಿಗೆ ಪಾಠ ಮಾಡುವ ನಾನು ಇದನ್ನು ಬೇರೆ ಬೇರೆ ರೂಪದಲ್ಲಿ ಪ್ರತಿ ವರ್ಷ ನೋಡುತ್ತೇನೆ. ಮಕ್ಕಳು ಸೀಟು ಕೇಳಿ ಅಲ್ಲಿನ ಪ್ರೊಫೆಸರ್‌ಗಳಿಗೆ ಇಮೇಲ್ ಬರೆಯುವುದರಲ್ಲಿ ಮೂರು ತಿಂಗಳು ಕಳೆಯುತ್ತಾರೆ. ಅಲ್ಲಿನವರು ಕೇಳುವ ಲಸಿಕೆಯ ಫಾರಂ ತೆರೆದು ನೋಡುವುದು ಸೀಟು ಸಿಕ್ಕ ಮೇಲೆ. ದಯವಿಟ್ಟು ಇದನ್ನು ತಿರುಗಿಸಿ. ಹೊರಡುವುದಕ್ಕೆ ಒಂದು ವರ್ಷ ಮೊದಲು ರಕ್ತಪರೀಕ್ಷೆ ಮಾಡಿಸಿ. ಉಳಿದದ್ದು ಆಮೇಲೆ.

ಹೆಜ್ಜೆ 1: ಏನು ಕೇಳುತ್ತಿದ್ದೀರಿ ಎಂದು ತಿಳಿದುಕೊಳ್ಳಿ

ಎಲೆಕ್ಟಿವ್ ಎಂದರೆ ವಿದ್ಯಾರ್ಥಿಯಾಗಿರುವಾಗಲೇ ಹೋಗಿ, ರೋಗಿಯ ಹಿಸ್ಟರಿ ತೆಗೆದು, ಪರೀಕ್ಷೆ ಮಾಡಿ, ತಂಡದ ಮುಂದೆ ಕೇಸ್ ಹೇಳುವುದು. ಅಬ್ಸರ್ವರ್‌ಶಿಪ್ ಎಂದರೆ ಪಕ್ಕದಲ್ಲಿ ನಿಂತು ನೋಡುವುದು ಅಷ್ಟೇ. ಓದು ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವುದು ಎರಡನೆಯದು. ಮುಂದೆ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಸ್ನಾತಕೋತ್ತರ ತರಬೇತಿಗೆ, ಅರ್ಜಿ ಹಾಕುವಾಗ ಎರಡಕ್ಕೂ ಒಂದೇ ತೂಕ ಇರುವುದಿಲ್ಲ. ಅಮೆರಿಕದ ವೈದ್ಯ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 1ಕ್ಕೆ 2022ರ ಜನವರಿಯಿಂದ ಅಂಕ ಕೊಡುವುದು ನಿಂತಿದೆ, ಈಗ ಬರೀ ಪಾಸ್ ಅಥವಾ ಫೇಲ್. ಹಾಗಾಗಿ ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿದ ಅಲ್ಲಿನ ಡಾಕ್ಟರ್ ಬರೆಯುವ ಪತ್ರಕ್ಕೆ ಬೆಲೆ ಜಾಸ್ತಿಯಾಗಿದೆ.

ನಮ್ಮ ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಇಂಟರ್ನ್ ಕೂಡ ವಿದ್ಯಾರ್ಥಿಯೇ ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿನ ಕೆಲವು ಕಚೇರಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಫೈನಲ್ ಪರೀಕ್ಷೆ ಮುಗಿದಿದೆಯಾ, ಡಿಗ್ರಿ ಬಂದಿದೆಯಾ ಎಂದು ಕೇಳುತ್ತಾರೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇದಕ್ಕೆ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಇಂಟರ್ನ್‌ಶಿಪ್ ನಡುವೆ ಹೋಗುವವರು ಇಲ್ಲಿನ ಕಾಲೇಜಿನಿಂದ ಒಪ್ಪಿಗೆ ಪತ್ರ ಪಡೆಯದೆ ಟಿಕೆಟ್ ತೆಗೆಯಬೇಡಿ.

ಹೆಜ್ಜೆ 2: ಜಾಗ ಹುಡುಕುವುದು

ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ನಡೆಸುವ ವಿಎಸ್‌ಎಲ್‌ಒ ಎಂಬ ವ್ಯವಸ್ಥೆ ಇದೆ. ನಿಮ್ಮ ಕಾಲೇಜು ಅದರಲ್ಲಿ ಸೇರಿದ್ದರೆ ಮಾತ್ರ ಅದರ ಮೂಲಕ ಅರ್ಜಿ ಹಾಕಬಹುದು. ಡೀನ್ ಕಚೇರಿಯಲ್ಲಿ ಕೇಳಿ. ಸೇರಿಲ್ಲದಿದ್ದರೆ, ಹೊರದೇಶದ ವಿದ್ಯಾರ್ಥಿಗಳಿಂದ ನೇರವಾಗಿ ಅರ್ಜಿ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳನ್ನು ಒಂದೊಂದಾಗಿ ಹುಡುಕಬೇಕು. ನೀವು ಮುಂದೆ ಸೇರಬೇಕೆಂದಿರುವ ವಿಭಾಗದಲ್ಲಿ ರೆಸಿಡೆನ್ಸಿ ಇರುವ ಆಸ್ಪತ್ರೆಯನ್ನೇ ಆರಿಸಿ. ಹೆಸರು ದೊಡ್ಡದು ಎಂದು ಬೇಡದ ವಿಭಾಗಕ್ಕೆ ಹೋಗಬೇಡಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ದುಡ್ಡು ಕೊಟ್ಟರೆ ರೊಟೇಷನ್ (ಕೆಲವು ವಾರ ಕೆಲಸ ಕಲಿಯುವ ಜಾಗ) ಕೊಡಿಸುತ್ತೇವೆ ಎನ್ನುವ ಏಜೆನ್ಸಿಗಳು ತುಂಬಾ ಇವೆ. ಹಲವು ಸಲ ಅವರು ಕಳಿಸುವುದು ಒಬ್ಬರೇ ಡಾಕ್ಟರ್ ನಡೆಸುವ ಖಾಸಗಿ ಕ್ಲಿನಿಕ್‌ಗೆ. ಎಲೆಕ್ಟಿವ್‌ಗೆ ಬೇಕಾದ ಬಿ1 ವೀಸಾದ ನಿಯಮ ಬೇರೆಯೇ ಹೇಳುತ್ತದೆ. ನೀವು ಹೋಗುವ ಜಾಗ ಅಲ್ಲಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾಗಿರಬೇಕು, ಆಸ್ಪತ್ರೆಯಿಂದ ಸಂಬಳ ತೆಗೆದುಕೊಳ್ಳಬಾರದು, ನಿಮ್ಮ ಇಲ್ಲಿನ ಓದಿನ ಭಾಗವಾಗಿರಬೇಕು. ಕ್ಲಿನಿಕ್ ಇದರಲ್ಲಿ ಎಲ್ಲಿ ಕೂರುತ್ತದೆ? ಅಪ್ಪ ಅಮ್ಮ ಸಾಲ ಮಾಡಿ ಕೊಟ್ಟ ದುಡ್ಡು ಹೀಗೆ ಹೋಗುವುದನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ. ಬೇಡವೇ ಬೇಡ.

ಹೆಜ್ಜೆ 3: ಹೆಸರು

ಇದು ನಮ್ಮ ಕಡೆಯವರಿಗೇ ಬರುವ ತೊಂದರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕಾವ್ಯ ಎಂ. ಆರ್.' ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿರುತ್ತದೆ. ಇನ್ನು ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಆಸ್ಪತ್ರೆಯ ಬ್ಯಾಡ್ಜ್‌ನಿಂದ ಶಿಫಾರಸು ಪತ್ರದವರೆಗೆ ಈ ಗೊಂದಲ ಬೆನ್ನು ಬಿಡುವುದಿಲ್ಲ. ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಿ. ಆಮೇಲೆ ಲ್ಯಾಬ್ ರಿಪೋರ್ಟ್, ಕಾಲೇಜಿನ ಪತ್ರ, ಅರ್ಜಿ, ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಸಿ.

ಹೆಜ್ಜೆ 4: ಲಸಿಕೆ ಫಾರಂ

ಇಲ್ಲಿ ನಿಧಾನವಾಗಿ ಓದಿ. ಬಹಳಷ್ಟು ಕಡೆ ಎಎಎಂಸಿಯ ಸಾಮಾನ್ಯ ಫಾರಂ ಅನ್ನೇ ಕೇಳುತ್ತಾರೆ. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ಫಾರಂ ಕೊಡುತ್ತವೆ. ಒಳಗಿರುವುದು ಹೆಚ್ಚುಕಡಿಮೆ ಒಂದೇ.

ಮನೆಯಲ್ಲಿರುವ ಹಳೆಯ ಲಸಿಕೆ ಕಾರ್ಡ್ ಹುಡುಕಿಸಿ. ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಳಬೇಡಿ, ರಕ್ತಪರೀಕ್ಷೆಯಿಂದ ತೋರಿಸಬಹುದು.

ಯಾವ ಲಸಿಕೆಯನ್ನೂ ಹಾಕಿಸಿಕೊಳ್ಳುವ ಮೊದಲು ಒಂದೇ ಸಲ ರಕ್ತ ಕೊಡಿ. ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್ ನಾಲ್ಕಕ್ಕೂ ಐಜಿಜಿ ಪರೀಕ್ಷೆ, ಅಂದರೆ ರಕ್ತದಲ್ಲಿ ಆ ರೋಗದ ವಿರುದ್ಧ ಪ್ರತಿಕಾಯ ಇದೆಯೇ ಎಂದು ನೋಡುವುದು. ಹೆಪಟೈಟಿಸ್ ಬಿಗೆ ಆಂಟಿ ಎಚ್‌ಬಿಎಸ್ ಎಂಬ ಪ್ರತಿಕಾಯದ ಪರೀಕ್ಷೆ, ಅದೂ ಕ್ವಾಂಟಿಟೇಟಿವ್ (ಪ್ರಮಾಣ ಹೇಳುವುದು). ಟಿಬಿಗೆ ಇಗ್ರಾ ಎಂಬ ರಕ್ತಪರೀಕ್ಷೆ. ಲ್ಯಾಬ್‌ನವರು ಸುಮ್ನೆ 'ರಿಯಾಕ್ಟಿವ್' ಎಂದು ಬರೆದುಕೊಟ್ಟರೆ ಸಾಲದು, ಸಂಖ್ಯೆ ಬೇಕು. ಹೆಪಟೈಟಿಸ್ ಬಿಯಲ್ಲಿ ಆ ಸಂಖ್ಯೆ 10 (mIU/mL) ಅಥವಾ ಅದಕ್ಕಿಂತ ಮೇಲೆ ಇರಬೇಕು.

ಟಿಬಿಗೆ ಇಗ್ರಾ ಏಕೆ, ಕೈಗೆ ಚುಚ್ಚುವ ಮ್ಯಾಂಟೂ ಏಕೆ ಬೇಡ ಎಂದು ಕೇಳುತ್ತಾರೆ. ನಮಗೆಲ್ಲ ಹುಟ್ಟಿದಾಗಲೇ ಬಿಸಿಜಿ ಆಗಿದೆ. ಅದರಿಂದಲೂ ಮ್ಯಾಂಟೂ ಪಾಸಿಟಿವ್ ಬರಬಹುದು. ಇಗ್ರಾಕ್ಕೆ ಬಿಸಿಜಿಯ ಅಡ್ಡಿ ಇಲ್ಲ. ಈ ಪರೀಕ್ಷೆಯ ರಕ್ತವನ್ನು ಬೇಗ ಲ್ಯಾಬ್‌ನಲ್ಲಿ ಸಂಸ್ಕರಿಸಬೇಕು. ಹಾಗಾಗಿ ಬೀದಿ ತುದಿಯ ಕಲೆಕ್ಷನ್ ಸೆಂಟರ್‌ನಲ್ಲಿ ಸಂಜೆ ಕೊಡಬೇಡಿ. ವಾರದ ದಿನ ಬೆಳಿಗ್ಗೆ ಮುಖ್ಯ ಲ್ಯಾಬ್‌ಗೇ ಹೋಗಿ.

ಕ್ರಮ ತಪ್ಪಿದರೆ ಏನಾಗುತ್ತದೆ? ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ) ಮತ್ತು ಚಿಕನ್‌ಪಾಕ್ಸ್ ಜೀವಂತ ಲಸಿಕೆಗಳು. ಅವು ಸ್ವಲ್ಪ ಕಾಲ ಟಿಬಿ ಪರೀಕ್ಷೆಯ ಫಲಿತಾಂಶವನ್ನು ಮಂಕಾಗಿಸಬಹುದು. ಟಿಬಿ ಪರೀಕ್ಷೆಗೆ ರಕ್ತ ಮೊದಲೇ ಕೊಡಬೇಕು, ಇಲ್ಲವೇ ಲಸಿಕೆ ಹಾಕಿಸುವ ದಿನವೇ ಕೊಡಬೇಕು. ತಪ್ಪಿದರೆ ಕನಿಷ್ಠ ನಾಲ್ಕು ವಾರ ಕಾಯಬೇಕು. ಎರಡು ಜೀವಂತ ಲಸಿಕೆಗಳನ್ನು ಒಂದೇ ದಿನ ಹಾಕಿಸಬಹುದು. ಒಂದೇ ದಿನ ಆಗದಿದ್ದರೆ ನಡುವೆ 28 ದಿನ ಅಂತರ ಬೇಕು. ಗರ್ಭಿಣಿಯರಿಗೆ ಇವು ಕೂಡದು.

ಇಗ್ರಾ ಪಾಸಿಟಿವ್ ಬಂದರೆ ಹೆದರಬೇಡಿ. ನಮ್ಮ ವಾರ್ಡ್‌ಗಳಲ್ಲಿ ಓಡಾಡಿದವರಿಗೆ ಇದು ಅಪರೂಪವಲ್ಲ. ಎದೆಯ ಎಕ್ಸ್‌ರೇ ತೆಗೆಸಿ, ರಿಪೋರ್ಟ್ ಜೊತೆಗಿಡಿ, ಚಿಕಿತ್ಸೆ ಬೇಕೇ ಎಂದು ಡಾಕ್ಟರ್ ಹತ್ತಿರ ಮಾತಾಡಿ. ಅದನ್ನು ತುಂಬಲು ಫಾರಂನಲ್ಲೇ ಜಾಗ ಇದೆ. ಮುಚ್ಚಿಡುವುದು ಮಾತ್ರ ಬೇಡ.

ನಮ್ಮ ಮಕ್ಕಳಿಗೆ ಹೆಚ್ಚು ಎಡವಟ್ಟಾಗುವುದು ಮೂರು ಕಡೆ.

ಮಂಗನಬಾವು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ದಡಾರ ಇದೆ, ರುಬೆಲ್ಲಾ ಇದೆ, ಮಂಗನಬಾವು ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಎಲ್ಲ ಲಸಿಕೆ ಆಗಿದ್ದರೆ ಇದೊಂದೇ ನೆಗೆಟಿವ್ ಬರಬಹುದು. ಆಗ 28 ದಿನದ ಅಂತರದಲ್ಲಿ ಎರಡು ಎಂಎಂಆರ್.

ಟಿಡ್ಯಾಪ್. ಇದು ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಸೇರಿದ ಲಸಿಕೆ. ಗಾಯವಾದಾಗ ಹಾಕಿಸಿದ ಟಿಟಿ (ಧನುರ್ವಾಯು ಲಸಿಕೆ) ಇದಕ್ಕೆ ಲೆಕ್ಕಕ್ಕಿಲ್ಲ. ನಾಯಿಕೆಮ್ಮಿನ ಭಾಗವೂ ಸೇರಿರುವ ಲಸಿಕೆ ಬೇಕು, ಹಾಕಿಸಿ ಹತ್ತು ವರ್ಷ ಮೀರಿದ್ದರೆ ಬೂಸ್ಟರ್ ಕೂಡ. ಬೂಸ್ಟ್ರಿಕ್ಸ್ ಅಥವಾ ಅಡಾಸೆಲ್ ಎಂದು ಹೆಸರು ಹೇಳಿಯೇ ಕೇಳಿ, ಲಸಿಕೆಯ ಸ್ಟಿಕರ್ ಇಸಿದುಕೊಳ್ಳಿ.

ಹೆಪಟೈಟಿಸ್ ಬಿ. ಸರ್ಕಾರಿ ಪಟ್ಟಿಯಲ್ಲಿ ಇದು ದೇಶದ ಎಲ್ಲ ಕಡೆ ಬಂದಿದ್ದೇ 2011ರಲ್ಲಿ. ಈಗ ಓದುತ್ತಿರುವ ಎಷ್ಟೋ ಮಕ್ಕಳಿಗೆ ಚಿಕ್ಕಂದಿನಲ್ಲಿ ಆಗಿಲ್ಲ. ಇಂದು ಒಂದು ಡೋಸ್, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಅದಾಗಿ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ. ಒಟ್ಟು ಏಳೆಂಟು ತಿಂಗಳು. ನಾನು ಒಂದು ವರ್ಷ ಮೊದಲೇ ಶುರು ಮಾಡಿ ಎನ್ನುವುದು ಇದಕ್ಕೇ. ಮೂರು ಡೋಸ್ ಆಗಿಯೂ ಸಂಖ್ಯೆ 10ಕ್ಕೆ ಏರದವರೂ ಇದ್ದಾರೆ, ಅವರಿಗೆ ಮತ್ತೆ ಡೋಸ್ ಬೇಕಾಗುತ್ತದೆ.

ಚಿಕನ್‌ಪಾಕ್ಸ್ ವಿಷಯದಲ್ಲಿ "ಚಿಕ್ಕವಳಿದ್ದಾಗ ಅಮ್ಮ ಬಂದಿತ್ತು" ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಐಜಿಜಿ ಪಾಸಿಟಿವ್ ತೋರಿಸಿ, ಇಲ್ಲವೇ ಎರಡು ಡೋಸ್ ತೋರಿಸಿ. ಚಳಿಗಾಲದಲ್ಲಿ ಹೋಗುವವರಿಗೆ ಆ ವರ್ಷದ ಫ್ಲೂ ಲಸಿಕೆಯೂ ಬೇಕು.

ತುಂಬುವಾಗ ತಾರೀಖು ಜೋಪಾನ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು 03/07 ಎಂದು ಬರೆದ ಜುಲೈ 3 ಅವರಿಗೆ ಮಾರ್ಚ್ 7 ಆಗುತ್ತದೆ. ಎರಡು ಡೋಸ್ ನಡುವಿನ ಅಂತರದ ಲೆಕ್ಕ ಕೆಟ್ಟು ಫಾರಂ ವಾಪಸ್ ಬಂದದ್ದನ್ನು ನಾನೇ ನೋಡಿದ್ದೇನೆ. ಫಾರಂ ಕೇಳಿದ ಕ್ರಮದಲ್ಲೇ ತುಂಬಿ. ಬೇರೆ ಪತ್ರಗಳಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿ. ಸಹಿಯನ್ನು ಮನೆಯ ಡಾಕ್ಟರ್‌ಗಳಿಂದ, ಅಂದರೆ ಅಪ್ಪ, ಚಿಕ್ಕಪ್ಪ, ಅತ್ತೆಯಿಂದ ಮಾಡಿಸಬೇಡಿ. ಲಸಿಕೆ ಹಾಕಿದ ಡಾಕ್ಟರ್ ಸಹಿ, ಸೀಲು, ನೋಂದಣಿ ಸಂಖ್ಯೆ ಇರಲಿ.

ಹೆಜ್ಜೆ 5: ಉಳಿದ ಕಾಗದ

ಡೀನ್ ಪತ್ರ, ಟ್ರಾನ್ಸ್‌ಕ್ರಿಪ್ಟ್, ಕೆಲವು ಕಡೆ ಸ್ಟೆಪ್ 1 ಪಾಸ್ ಅಥವಾ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ. ಸೀಲು ಹಾಕಿಸಲು ಜಯನಗರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದವರು ಒಂದು ತಿಂಗಳು ಎತ್ತಿಡಿ. ವೃತ್ತಿ ಹೊಣೆಗಾರಿಕೆ ವಿಮೆಯನ್ನು ಸಾಮಾನ್ಯವಾಗಿ ಒಂದು ಪ್ರಕರಣಕ್ಕೆ 10 ಲಕ್ಷ ಡಾಲರ್, ಒಟ್ಟು 30 ಲಕ್ಷ ಡಾಲರ್ ಎಂದು ಕೇಳುತ್ತಾರೆ. ಆರೋಗ್ಯ ವಿಮೆ ಬೇರೆ.

ಹೆಜ್ಜೆ 6: ವೀಸಾ

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಆದರೂ ವೀಸಾ ಸಂದರ್ಶನ ಇಲ್ಲೇ ಮುಗಿಯುತ್ತದೆ ಎಂದುಕೊಂಡು ದಿನ ಲೆಕ್ಕ ಹಾಕಬೇಡಿ, ಚೆನ್ನೈಗೆ ಹೋಗಿಬರುವ ದಿನವನ್ನೂ ಇಟ್ಟುಕೊಳ್ಳಿ. "ಊರು ನೋಡೋಕೆ ಹೋಗ್ತೀನಿ ಅಂದರೆ ಸುಲಭ" ಎಂದು ಸೀನಿಯರ್‌ಗಳು ಹೇಳಿದರೆ ಕೇಳಬೇಡಿ. ಎಲೆಕ್ಟಿವ್‌ಗೆ ಹೋಗುತ್ತಿದ್ದೇನೆ ಎಂದು ನೇರವಾಗಿ ಹೇಳಿ. ಅಲ್ಲಿನ ಕಾಲೇಜಿನ ಪತ್ರ, ಇದು ನಮ್ಮ ಓದಿನ ಭಾಗ ಎನ್ನುವ ಇಲ್ಲಿನ ಡೀನ್ ಪತ್ರ, ಖರ್ಚಿನ ದಾಖಲೆ ಜೊತೆಗಿರಲಿ.

ಹೆಜ್ಜೆ 7: ಹೋದ ಮೇಲೆ

ಲಸಿಕೆ ಫಾರಂನ ಮೂಲ ಪ್ರತಿ ಮತ್ತು ಲ್ಯಾಬ್ ರಿಪೋರ್ಟ್‌ಗಳನ್ನು ಕೈಚೀಲದಲ್ಲೇ ಒಯ್ಯಿರಿ. ಮೊದಲ ದಿನ ಬ್ಯಾಡ್ಜ್ ಕೊಡುವ ಮುಂಚೆ ಮತ್ತೆ ಕೇಳಬಹುದು. ಎರಡನೇ ವಾರದ ಕೊನೆಗೆ ನಿಮ್ಮ ಅಟೆಂಡಿಂಗ್ ಡಾಕ್ಟರ್ (ತಂಡದ ಹೊಣೆ ಹೊತ್ತ ಹಿರಿಯ ಡಾಕ್ಟರ್) ಹತ್ತಿರ "ನನ್ನ ಕೆಲಸದಲ್ಲಿ ಏನು ತಿದ್ದಿಕೊಳ್ಳಬೇಕು?" ಎಂದು ಕೇಳಿ, ತಿದ್ದಿಕೊಳ್ಳಿ. ಶಿಫಾರಸು ಪತ್ರದ ಮಾತನ್ನು ನಾಲ್ಕನೇ ವಾರದ ಸೋಮವಾರವೇ ಎತ್ತಿ. ಶುಕ್ರವಾರ ಅವರು ರಜೆಯಲ್ಲಿರಬಹುದು.