ಉಲ್ಟಾ ಕೆತ್ತೋದು: ಸಕ್ಕರಿ ಆರತಿ ಅಚ್ಚಿನಿಂದ ಶುರುವಾದ ನನ್ನ ಕಾರ್ಡ್ ಕೆಲಸ

ಗೌರಿ ಹುಣ್ಣಿಮಿ ಬಂತಂದ್ರ ನಮ್ಮ ಕಡೆ ಸಕ್ಕರಿ ಆರತಿ ಮಾಡ್ತಾರಲ್ರಿ, ಆ ಕಟಗಿ ಅಚ್ಚು ನೋಡೀರಿಲ್ಲೊ? ಎರಡು ಹೋಳು ಇರ್ತಾವು, ಒಳಗ ಆನಿ, ಒಂಟಿ, ನವಿಲು, ತೇರು ಎಲ್ಲಾ ತೆಗ್ಗಾಗಿ ಕೆತ್ತಿರ್ತಾರ, ಅಚ್ಚು ನೀರಾಗ ನೆನಸಿ ಎರಡೂ ಹೋಳು ಕೂಡ್ಸಿ ದಾರದಿಂದ ಬಿಗದು ಮ್ಯಾಲಿಂದ ಸಕ್ಕರಿ ಪಾಕ ಹೊಯ್ಯೋದು, ಆರಿದ ಮ್ಯಾಲ ಬಿಚ್ಚಿದ್ರ ಬೆಳ್ಳನ್ನ ಆನಿ ಎದ್ದು ನಿಂತಿರ್ತೈತಿ. ಸಣ್ಣಾಕಿದ್ದಾಗ ಗುಳೇದಗುಡ್ಡದಾಗ ನಮ್ಮ ದೊಡ್ಡವ್ವ ಇದನ್ನ ಮಾಡಾಕ ಕುಂತ್ರ ಉಳದ ಹುಡುಗ್ರೆಲ್ಲಾ ಮುರಿದ ಆರತಿ ತಿನ್ನಾಕ ಕಾಯ್ತಿದ್ರು, ನಾನು ಖಾಲಿ ಅಚ್ಚಿನಾಗ ಬೆರಳು ಆಡಿಸ್ಕೋತ ಕುಂದರ್ತಿದ್ದೆ. ಅಚ್ಚಿನಾಗ ಆನಿ ಮುಖ ಎಡಕ್ಕಿದ್ರ ಹೊರಗ ಬಂದ ಆನಿ ಬಲಕ್ಕ ನೋಡ್ತಿತ್ತು. ಆಗ ಅದೇನು ದೊಡ್ಡ ವಿಷಯ ಅನಿಸಿರ್ಲಿಲ್ಲ, ಈಗ ನನ್ನ ಗಳಿಕಿನ ಅದರ ಮ್ಯಾಲ ನಡದೈತಿ, ಹಿಂಗ ಉಲ್ಟಾ ಕೆತ್ತಿದ ಅಚ್ಚಿಲೆ ಕಾರ್ಡ್ ಪ್ರಿಂಟ್ ಮಾಡಿ ಮಾರ್ತೀನಿ.

ನಾನಿರೋದು ಬಾಗಲಕೋಟಿ ನವನಗರದಾಗ. ಹಳೇ ಊರಿನ ಒಂದಿಷ್ಟು ಭಾಗ ಆಲಮಟ್ಟಿ ಹಿನ್ನೀರಿಗೆ ಹೋದ ಮ್ಯಾಲ ಕಟ್ಟಿದ ಊರಿದು, ಸೆಕ್ಟರ್ ನಂಬರ್ ಹೇಳಿ ವಿಳಾಸ ಹುಡುಕೋ ಊರು, ಹಿಂಗಾಗಿ ಇಲ್ಲಿ ಗ್ವಾಡಿ ಮ್ಯಾಲ ಹಳೇದು ಅಂತ ಏನೂ ಕಾಣಂಗಿಲ್ಲ, ಹಳೇದೆಲ್ಲಾ ಮನಿ ಮನಿ ಟ್ರಂಕಿನ್ಯಾಗ ಐತಿ. ಆರು ವರ್ಷ ಡಿಟಿಪಿ ಅಂಗಡ್ಯಾಗ ಕೆಲಸ ಮಾಡೀನಿ, ಬರ್ತ್‌ಡೇ ಫ್ಲೆಕ್ಸು, ಶ್ರದ್ಧಾಂಜಲಿ ಫ್ಲೆಕ್ಸು, ಕಟಿಂಗ್ ಶಾಪ್ ಬೋರ್ಡು, ಮಂದಿ ಮುಖ ಬೆಳ್ಳಗ ಮಾಡೋದು ಇಷ್ಟ ಕೆಲಸ. ರಾತ್ರಿ ಮನ್ಯಾಗ ಟ್ಯಾಬಿನ್ಯಾಗ ನನಗ ಬೇಕಾದ್ದು ಬಿಡಿಸ್ತಿದ್ದೆ, ಬೇಕಾದ್ದು ಅಂದ್ರ ಫೋನಿನ್ಯಾಗ ಮಂದಿ ಬಿಡಿಸಿದ್ದು ನೋಡಿ ನೋಡಿ ಅದನ್ನ, ಕಾಫಿ ಕಪ್ಪು, ಕಿಟಕ್ಯಾಗ ಮಳಿ ನೋಡ್ಕೋತ ಕುಂತ ಹುಡುಗಿ, ಚೆರ್ರಿ ಹೂವಿನ ಟೊಂಗಿ. ಬಾಗಲಕೋಟ್ಯಾಗ ಚೆರ್ರಿ ಹೂವು ಯಾರು ನೋಡ್ಯಾರ್ರಿ? ಬುಕ್‌ಮಾರ್ಕ್ ಮಾಡಿ 200 ಪ್ರಿಂಟ್ ಹಾಕಿಸಿದ್ದೆ, ನಮ್ಮ ವೈನಿ ಎರಡು ತಗೊಂಡ್ರು, ಅದೂ ರೊಕ್ಕ ಕೊಡಲಿಲ್ಲ. ಉಳದವು ಇನ್ನೂ ಅದಾವು, ಕಿರಾಣಿ ಲಿಸ್ಟ್ ಬರಿಯಾಕ ಛಲೋ ಆಗ್ಯಾವು.

ಬದಲಾಗಿದ್ದು ಹೆಂಗಂದ್ರ, ಒಂದು ದಿನ ಅವ್ವ ಫೋನ್ ಮಾಡಿ ಟ್ರಂಕ್ ಸ್ವಚ್ಛ ಮಾಡೋದೈತಿ ಬಾ ಅಂದ್ಳು. ಹೋಗಿ ಕುಂತ್ರ ಒಂದೊಂದ ಹೊರಗ ಬರಾಕತ್ತಿದ್ವು, ಉಡಿ ತುಂಬಿದಾಗ ಬಂದ ಖಣ ಮುಕ್ಕೋಣ ಮಡಚಿದ್ದು ಇಪ್ಪತ್ತರ ಮ್ಯಾಲ, ಅಜ್ಜಿ ಕೈಲೆ ಹಾಕಿದ ಕಸೂತಿ ಇದ್ದ ಇಳಕಲ್ ಸೀರಿ, ತಳದಾಗ ಪ್ಯಾಪರಿನ್ಯಾಗ ಸುತ್ತಿದ ಆ ಸಕ್ಕರಿ ಆರತಿ ಅಚ್ಚು, ದೊಡ್ಡವ್ವ ಸತ್ತ ಮ್ಯಾಲ ನಮ್ಮನಿಗೆ ಬಂದಿತ್ತಂತ. ನಾನು ಅವತ್ತ ಸ್ವಚ್ಛ ಏನೂ ಮಾಡಲಿಲ್ಲ, ಮೂರು ತಾಸು ಅಲ್ಲೇ ಕುಂತು ಬಿಡಿಸಿದೆ. ಅವ್ವಗ ಸಿಟ್ಟು ಬಂತು.

ಅವತ್ತಿಂದ ದಿನಾ ಒಂದು ಬಿಡಿಸಬೇಕಂತ ಮಾಡ್ಕೊಂಡೆ, ಹತ್ತ ನಿಮಿಷ, ಕೈಯಾಗ ಸಿಕ್ಕ ಪೆನ್ನಿಲೆ, ರಬ್ಬರ್ ಮುಟ್ಟಂಗಿಲ್ಲ. ಬುಟ್ಟ್ಯಾಗ ಒಂದರ ಮ್ಯಾಲೊಂದ ಇಟ್ಟ ಖಡಕ್ ರೊಟ್ಟಿ. ಬಸ್ ಸ್ಟ್ಯಾಂಡಿನ್ಯಾಗ ನಿದ್ದಿ ಹೊಡಿಯೋ ಅಜ್ಜನ ಪಟಗಾ, ಅದರ ಒಂದೊಂದು ಸುತ್ತು. ಕಾರಹುಣ್ಣಿಮ್ಯಾಗ ಎತ್ತಿನ ಕೋಡಿಗೆ ಹಚ್ಚಿದ ಬಣ್ಣ, ಮಣ್ಣೆತ್ತಿನ ಅಮಾವಾಸ್ಯಿಗೆ ಮಕ್ಕಳು ಮಾಡಿದ ಸೊಟ್ಟ ಎತ್ತು, ಅಮೀನಗಡ ಕರದಂಟಿನ ಖಾಲಿ ಡಬ್ಬಿ. ಎಲ್ಲಾ ಛಂದ ಬರಂಗಿಲ್ಲ. ವಾರಕ್ಕ ಏಳರಾಗ ಒಂದು ಕೆಲಸಕ್ಕ ಬಂದ್ರ ಅದ ದೊಡ್ಡದು.

ಈಗ ಕೆಲಸದ ವಿಷಯಕ್ಕ ಬರ್ತೀನಿ. ಆ ಅಚ್ಚು ನೋಡಿದ ಮ್ಯಾಲ ನಂಗ ಕೆತ್ತಬೇಕಂತ ಹುಚ್ಚು ಹಿಡೀತು, ಕಟಗಿ ಕೆತ್ತಾಕ ಕೈಯಾಗ ಬಲ ಇಲ್ಲ, ಮೊದಲ ರಬ್ಬರ್ ತುಂಡಿನ್ಯಾಗ ಬ್ಲೇಡಿಲೆ ಕೆತ್ತಿದೆ, ಆಮ್ಯಾಗ ಲಿನೋ ಶೀಟ್ (ಉಳಿಲೆ ಕೆತ್ತಾಕ ಬರೋ ಲಿನೋಲಿಯಂ ಹಾಳಿ) ತರಿಸ್ಕೊಂಡೆ, ಜೋಡಿ ಸಣ್ಣ ಉಳಿ ಸೆಟ್ಟು. ಲಿನೋದಾಗ ನೀವು ಯಾವುದನ್ನ ಕೆತ್ತಿ ತಗೀತೀರಿ ಅದು ಬಿಳಿ ಉಳಿತೈತಿ, ಬಿಟ್ಟಿದ್ದಕ್ಕ ಬಣ್ಣ ಹತ್ತತೈತಿ, ಮತ್ತ ಎಲ್ಲಾ ಕನ್ನಡಿಯೊಳಗ ಕಂಡಂಗ ಎಡ ಬಲ ಆಗಿ ಬರ್ತೈತಿ. ಕೈ ಯಾವಾಗಲೂ ಉಳಿ ಹಿಂದ ಇರಬೇಕು, ಮುಂದ ಇಟ್ಟು ನಾನು ಎರಡ ಸಲ ಹೆಬ್ಬಟ್ಟು ಕೊಯ್ಕೊಂಡೀನಿ. ಲಿನೋ ಬಿರುಸಾದ್ರ ಬಿಸಿ ಮಾಡ್ರಿ, ಇಸ್ತ್ರಿ ಇಡ್ರಿ ಅಂತ ವಿಡಿಯೋದಾಗ ಹೇಳ್ತಾರ, ನಮ್ಮೂರಾಗ ಅದರ ಜರೂರ ಇಲ್ಲ, ಮಾಳಗಿ ಮ್ಯಾಲ ಐದ ನಿಮಿಷ ಬಿಸಲಿಗೆ ಇಟ್ರ ಬೆಣ್ಣಿ ಆಗಿರ್ತೈತಿ.

ಅದ ಬಿಸಲು ಇಂಕಿಗೆ ವೈರಿ. ನೀರಿನ ಇಂಕು ತಗೊಂಡಿದ್ದೆ, ತೊಳಿಯಾಕ ಸರಳ ಅಂತ, ಏಪ್ರಿಲ್‌ದಾಗ ರೋಲರ್ ಉರುಳಿಸೋದ್ರಾಗ ಗಾಜಿನ ಮ್ಯಾಲ ಒಣಗಿ ಹಪ್ಪಳ ಆಗತಿತ್ತು. ಫ್ಯಾನ್ ಹಾಕಿದ್ರ ಇನ್ನೂ ಲಗೂ. ಹಿಂಗಾಗಿ ಬ್ಯಾಸಿಗ್ಯಾಗ ನಸುಕಿನ್ಯಾಗ ನಾಕೂವರಿಗೆ ಎದ್ದು ಏಳರೊಳಗ ಪ್ರಿಂಟ್ ಮುಗಿಸ್ತೀನಿ. ಎಣ್ಣಿ ಇಂಕಾದ್ರ ಆ ತ್ರಾಸ ಇಲ್ಲ, ಆದ್ರ ಕಾರ್ಡ್ ಒಣಗಾಕ ಮೂರ್ನಾಕು ದಿನ ಬೇಕು, ಅಲ್ಲೀತನಕ ಹಾಲ್‌ದಾಗ ಹಗ್ಗ ಕಟ್ಟಿ ಬಟ್ಟಿ ಕ್ಲಿಪ್ಪಿಲೆ ತೂಗು ಹಾಕ್ತೀನಿ, ಮನಿಗೆ ಬಂದೋರು ತಲಿ ಬಗ್ಗಿಸಿ ಬರಬೇಕು. ಪ್ರೆಸ್ ಮಷೀನ್ ಇಲ್ಲ, ಇಂಕು ಹಚ್ಚಿದ ಬ್ಲಾಕಿನ (ಕೆತ್ತಿದ ಲಿನೋ) ಮ್ಯಾಲ ಹಾಳಿ ಇಟ್ಟು ಸ್ಟೀಲ್ ಚಮಚದ ಹಿಂಭಾಗದಿಂದ ತಿಕ್ಕೋದು. ಚಮಚದಿಂದ ತಿಕ್ಕೋದಿದ್ರ ದಪ್ಪ ಹಾಳಿ ತಗೋಬ್ಯಾಡ್ರಿ, 300 ಜಿಎಸ್‌ಎಂ (ಹಾಳಿ ತೂಕದ ಅಳತಿ, ಜಾಸ್ತಿ ಅಂದ್ರ ದಪ್ಪ) ತಗೊಂಡು ಅಳೋದು ಆತು ನನ್ನ ಪಾಲಿಗೆ, 120ರ ಸುತ್ತಮುತ್ತ ಇರೋ ನುಣುಪು ಹಾಳಿ ಮ್ಯಾಲ ಪ್ರಿಂಟ್ ತಗದು ಆಮ್ಯಾಗ ದಪ್ಪ ಕಾರ್ಡಿಗೆ ಅಂಟಸ್ತೀನಿ.

ಮೊದಲನೇ ಬ್ಲಾಕು ಸಕ್ಕರಿ ಆರತಿ ಆನಿ, ಕೆಳಗ ‘ಗೌರಿ ಹುಣ್ಣಿಮಿ’ ಅಂತ ಅಕ್ಷರ. ಒಂಬತ್ತು ತಾಸು ಕೆತ್ತಿದ್ದೆ, ಒತ್ತುಗಳನ್ನೆಲ್ಲಾ ಎಷ್ಟು ಕಾಳಜೀಲೆ, ಪ್ರಿಂಟ್ ತಗದು ನೋಡಿದ್ರ ಅಕ್ಷರ ಎಲ್ಲಾ ಉಲ್ಟಾ! ಅಚ್ಚಿನಾಗ ಬೆರಳು ಆಡಿಸಿ ಬೆಳದಾಕಿ ನಾನು, ನಂಗ ಗೊತ್ತಿರಬೇಕಿತ್ತು. ಈಗ ಟ್ರೇಸಿಂಗ್ ಪ್ಯಾಪರ್ ಮ್ಯಾಲ ಮೆತ್ತನ್ನ ಪೆನ್ಸಿಲಿಲೆ ಸೀದಾ ಬರದು, ಆ ಹಾಳಿ ಬೋರಲ ಹಾಕಿ ಹಿಂದಿಂದ ತಿಕ್ಕತೀನಿ, ಲಿನೋ ಮ್ಯಾಲ ತಾನ ಉಲ್ಟಾ ಇಳಿತೈತಿ, ತಲಿ ಓಡ್ಸೋ ಜರೂರ ಇಲ್ಲ.

ಆದ್ರ ತಲಿ ಓಡಿಸದ ಇದ್ದದ್ದಕ್ಕ ಇದಕ್ಕಿಂತ ದೊಡ್ಡ ಮರ್ಯಾದಿ ಹೋಗೋದಿತ್ತು. ಇಳಕಲ್ ಸೀರಿ ತೋಪ ತೆನಿ (ಜ್ವಾಳದ ತೆನಿ ಹಂಗಿನ ಡಿಸೈನ್) ಸೆರಗು ಕಾರ್ಡ್ ಮಾಡಿದ್ದೆ, ಒಂದ ಬಣ್ಣ, ಕೆಂಪು. ಜನವರಿ ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿಗೆ ಹೋದಾಗ ಪರಿಚಯದೋರ ಬಳಿ ಮಾರೋ ಅಂಗಡಿ ಮೂಲ್ಯಾಗ ಒಂದು ಸಣ್ಣ ಟೇಬಲ್ ಹಾಕ್ಕೊಂಡಿದ್ದೆ, ಎದುರಿಗೆ ಕಟಗಿ ಬಾಗಲಾ ಚೌಕಟ್ಟು ಮಾರೋರು, ಆಚೀಕಡೆ ನಾಟಕ ಕಂಪನಿ ಮೈಕು, ಧೂಳು ಅಂದ್ರ ಧೂಳು. ಒಬ್ಬಾಕಿ ಅಮ್ಮ ಬಂದ್ಲು, ಕಾರ್ಡ್ ಹಿಡಕೊಂಡು ಭಾಳ ಹೊತ್ತು ನೋಡಿದ್ಲು, ನಾನು ಮೆಚ್ಚಿದ್ಲಂತ ತಿಳಕೊಂಡೆ. ‘ಯಾರವಾ ಇದನ್ನ ಬಿಡಿಸಿದಾಕಿ, ನೀನಾ? ಸೆರಗಿನ್ಯಾಗ ಕೆಂಪು ಮೂರು, ಬಿಳಿ ಎರಡು ಇರ್ತಾವು. ನೀ ಬಿಳಿ ಮೂರು ಮಾಡೀಯಲ್ಲ’ ಅಂದ್ಲು. ತಾನು ಉಟ್ಟ ಸೆರಗು ಬಿಚ್ಚಿ ಟೇಬಲ್ ಮ್ಯಾಲ ಹರವಿ ತೋರ್ಸಿದ್ಲು, ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು. ಬ್ಲಾಕ್ ಕೆತ್ತುವಾಗ ಕೆಂಪು ಇರಬೇಕಾದ ಪಟ್ಟಾನ ಕೆತ್ತಿ ತಗದಿದ್ದೆ, ಬಿಳಿ ಬಿಟ್ಟಿದ್ದೆ. ಎಡ ಬಲ ನೆನಪಿಟ್ಟಾಕಿ ಬಿಳಿ ಕೆಂಪು ಮರತಿದ್ದೆ. ತೆನಿನೂ ತಪ್ಪಂತ, ‘ಇದು ಹಣಗಿ ಹಂಗ ಆಗೇತಿ ನೋಡು’ ಅಂದ್ಲು. ಆಕಿ ಮನ್ಯಾಗ ಮಗ್ಗ ಇತ್ತಂತ, ಸೆರಗಿನ ಕೊಂಡಿ ಹಾಕೋದು ಆಕೀದ ಕೆಲಸ ಆಗಿತ್ತಂತ, ಮೈ ಎಳಿಗೂ ಸೆರಗಿನ ಎಳಿಗೂ ಒಂದೊಂದ ಕೂಡಿಸೋದು, ಎಣಿಕಿ ತಪ್ಪಿದ್ರ ಹೆಂಗ ಸಿಗಬೀಳ್ತೈತಿ ಅಂತ ಅರ್ಧ ತಾಸು ನಿಂತು ಹೇಳಿದ್ಲು. ನಾನು 40 ಕಾರ್ಡ್ ಮಾಡಿದ್ದೆ, 11 ಅದಾಗಲೇ ಮಾರಿದ್ದೆ. ಉಳದ 29 ಬ್ಯಾಗಿಗೆ ಹಾಕ್ಕೊಂಡೆ. ಹೊಸಾ ಬ್ಲಾಕ್ ಕೆತ್ತಿ ಆ 11 ಮಂದ್ಯಾಗ ನಂಬರ್ ಇದ್ದ ಏಳು ಮಂದಿಗೆ ಪೋಸ್ಟಿಲೆ ಕಳಿಸಿದೆ.

ಇದರಾಗಿಂದ ಒಂದು ರೂಢಿ ಆತು, ನೇಯ್ಗಿ ಡಿಸೈನ್ ಯಾವುದೇ ಇರ್ಲಿ, ನೇಯೋರಿಗೆ ತೋರಸದ ಪ್ರಿಂಟ್ ಹಾಕಂಗಿಲ್ಲ. ಗುಳೇದಗುಡ್ಡದಾಗ ನಮ್ಮ ಓಣ್ಯಾಗ ಒಬ್ಬ ಕಾಕಾ ಇನ್ನೂ ಕೈಮಗ್ಗದಾಗ ಖಣ ನೇಯ್ತಾರ. ಆನಿ ಹೆಜ್ಜಿ, ತೇರು, ಸೂಜಿ ಮಲ್ಲಿಗಿ ಎಲ್ಲಾ ಹಾಳಿ ಮ್ಯಾಲ ಬಿಡಿಸಿ ಒಯ್ದು ತೋರಸ್ತೀನಿ. ಒಂದ ಸಲ ಅಂಜಕೋತ ಕೇಳಿದೆ, ಕಾಕಾ, ನಿಮ್ಮ ಡಿಸೈನ್ ನಾ ಮಾರಾಕತ್ತೀನಿ, ನಿಮಗೇನೂ ಅನಸಂಗಿಲ್ಲೇನ್ರಿ ಅಂತ. ‘ಆನಿ ಹೆಜ್ಜಿ ಆನೀದವಾ, ನಂದೇನು’ ಅಂದ್ರು. ಆಮ್ಯಾಗ ಸ್ವಲ್ಪ ತಡದು, ‘ಬಟ್ಟಿ ಮ್ಯಾಲ ಮಾತ್ರ ಹಾಕಬ್ಯಾಡ’ ಅಂದ್ರು. ಪವರ್‌ಲೂಮಿನ ಪಾಲಿಸ್ಟರ್ ಖಣ ಬಂದ ಮ್ಯಾಲ ಅವರ ಕೆಲಸ ಹೆಂಗ ಆಗೇತಿ ಅಂತ ನಾ ನೋಡಾಕತ್ತೀನಲ್ಲ. ಟೋಟ್ ಬ್ಯಾಗ್ ಮ್ಯಾಲ ಖಣ ಪ್ರಿಂಟ್ ಹಾಕಿ ಕೊಡ್ರಿ ಅಂತ ಬೆಂಗಳೂರಿಂದ ಛಲೋ ಆರ್ಡರ್ ಬಂದಿತ್ತು, ಬಿಟ್ಟೆ. ಅದರ ಬದಲಿ ಕಾರ್ಡ್ ಸೆಟ್ಟಿನ ಜೋಡಿ ಕಾಕಾ ನೇಯ್ದ ಒಂದು ಖಣ ಮುಕ್ಕೋಣ ಮಡಚಿ ಇಟ್ಟು ಕೊಡ್ತೀನಿ, ಖಣದ ರೊಕ್ಕ ಅವರಿಗೆ ಮೊದಲ ಕೊಟ್ಟು ತರೋದು. ಆರ್ಡರ್ ಬಿಟ್ಟಿದ್ದಕ್ಕ ನಮ್ಮ ಮನಿಯವ್ರು ಎರಡ ದಿನ ಸರಿಯಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕಲ್ಲ.

ಜಾಸ್ತಿ ಹೋಗೋದು ಯಾವುದಂದ್ರ ಬಾದಾಮಿ ಗಣಗಳ ಸ್ಟಿಕ್ಕರ್. ಅಲ್ಲಿ ಮೂರನೇ ಗುಹಾ, ಮಂಗಳೇಶನ 578ರ ಶಾಸನ ಇರೋದು, ಎಲ್ಲಾರೂ ಒಳಗಿನ ದೊಡ್ಡ ವಿಷ್ಣು ಮೂರ್ತಿ ಫೋಟೋ ಹೊಡದು ಇಳಿತಾರ, ಕೆಳಗ ಜಗಲಿ ಪಟ್ಟ್ಯಾಗ ಡೊಳ್ಳು ಹೊಟ್ಟಿ ಕುಳ್ಳ ಗಣಗಳು ಕುಣಿಯಾಕತ್ತಿದ್ದು ಯಾರೂ ನೋಡಂಗಿಲ್ಲ. ಒಂದೊಂದರ ಮಾರಿ ಒಂದೊಂದು ನಮೂನಿ, ಒಂದಂತೂ ನಮ್ಮ ಡಿಟಿಪಿ ಅಂಗಡಿ ಮಾಲಕರ ಹಂಗ ಐತಿ. ಸೋಮವಾರ ಮುಂಜಾನೆ ಬಸ್ ಹತ್ತಿ ಹೋಗಿ ಮೆಟ್ಟಲ ಮ್ಯಾಲ ಕುಂತು ಬಿಡಸ್ತೀನಿ, ಗದ್ದಲ ಕಡಿಮಿ ಇರ್ತೈತಿ, ಮಂಗ್ಯಾ ಒಂದು ಹುಷಾರ್, ನನ್ನ ಪೆನ್ಸಿಲ್ ಪೌಚ್ ಒಯ್ದು ಗುಡ್ಡ ಹತ್ತಿದ್ದು ಇನ್ನೂ ಇಳದಿಲ್ಲ. ಅದ ಬಿಟ್ರ ಮುಧೋಳ ನಾಯಿ ಕಾರ್ಡು, ಸಣ್ಣ ನಡ, ಉದ್ದ ಕಾಲು, ಲಿನೋಕ್ಕ ಹೇಳಿ ಮಾಡಿಸಿದ ನಾಯಿ ಅದು, ಆರೇಳು ಗೆರಿ ಕೆತ್ತಿದ್ರ ಮುಗೀತು. 2005ರಾಗ ಅಂಚಿ ಇಲಾಖೆಯವ್ರು ಅದರ ಸ್ಟ್ಯಾಂಪ್ ತಂದಿದ್ರು, ಅದು ಗೊತ್ತಿದ್ದ ಸ್ಟ್ಯಾಂಪ್ ಕೂಡ್ಸೋ ಮಂದಿ ನನ್ನ ಕಾರ್ಡ್ ಹುಡುಕ್ಕೊಂಡು ತಗೋತಾರ.

ರೇಟ್ ವಿಷಯ. ಮೊದಲ ಕಾರ್ಡಿಗೆ 20 ರೂಪಾಯಿ ಇಟ್ಟಿದ್ದೆ, ಮಂದಿ ಏನಂತಾರೋ ಅಂತ ಅಂಜಿ. ಒಂದು ದಿನ ಕುಂತು ಲೆಕ್ಕ ಹಾಕಿದೆ, ಹಾಳಿ ಮತ್ತ ಕಾರ್ಡ್ 9, ಇಂಕು 3, ಪಾಕೀಟು 4, ಮ್ಯಾಲಿನ ಕವರ್ 2, ಹಾಳಾದವು ಹತ್ತಕ್ಕ ಎರಡು ಹಿಡದ್ರ ಇನ್ನೊಂದು 4, ಅಲ್ಲಿಗೆ 22 ಆತು, ಅಂದ್ರ ಪ್ರತಿ ಕಾರ್ಡಿಗೆ ನಾನ ಎರಡು ರೂಪಾಯಿ ಕೊಟ್ಟು ಮಾರಾಕತ್ತಿದ್ದೆ, ನನ್ನ ಕೈ ಕೂಲಿ ಬಿಟ್ಟು! ಈಗ 80. ‘ಇಷ್ಟ ಕಾಗದಕ್ಕ ಎಂಬತ್ತೇನವಾ’ ಅನ್ನೋರು ದಿನಾ ಸಿಗ್ತಾರ, ಅವರ ಮುಂದ ವಾದ ಮಾಡಂಗಿಲ್ಲ, ಬ್ಲಾಕ್ ಕೈಯಾಗ ಕೊಡ್ತೀನಿ, ಬೆರಳು ಆಡಿಸಿ ನೋಡ್ತಾರ. ಅರ್ಧ ಮಂದಿ ತಗೋತಾರ, ಅರ್ಧ ಮಂದಿ 10 ರೂಪಾಯಿ ಸ್ಟಿಕ್ಕರ್ ತಗೊಂಡು ಹೋಗ್ತಾರ, ಅದೂ ನಡೀತೈತಿ.

ಒಂದು ಮದುವಿ ಆರ್ಡರಿನ್ಯಾಗ ಮಾತ್ರ ಪೂರ್ತಿ ಮುಳುಗಿದೆ. 300 ಲಗ್ನಪತ್ರಿಕಾ ಕೈಲೆ ಪ್ರಿಂಟ್ ಮಾಡಿ ಕೊಡ್ರಿ ಅಂದ್ರು, ಪರಿಚಯದೋರು ಅಂತ ಅಡ್ವಾನ್ಸ್ ಕೇಳಲಿಲ್ಲ, 180 ಮುಗದಾಗ ಲಗ್ನ ಮುಂದ ಹೋತು, ತಾರೀಖು ಬದಲಾತು, ತಾರೀಖು ಬ್ಲಾಕಿನ್ಯಾಗ ಕೆತ್ತಿದ್ದೆ. ಆಮ್ಯಾಗ ಅವರು ಫೋನ್ ಎತ್ತಲಿಲ್ಲ. ಈಗ ಅರ್ಧ ರೊಕ್ಕ ಮೊದಲ, ತಾರೀಖು ಹೆಸರು ಎಲ್ಲಾ ಪ್ರೆಸ್ಸಿನ್ಯಾಗ ಪ್ರಿಂಟು, ಚಿತ್ರ ಅಷ್ಟ ನನ್ನ ಕೈದು, ಮತ್ತ 100ರ ಮ್ಯಾಲ ಒಪ್ಪಂಗಿಲ್ಲ.

ಮಾರೋದು ಮುಕ್ಕಾಲು ಪಾಲು ಇನ್‌ಸ್ಟಾದಾಗ ಮತ್ತ ವಾಟ್ಸಾಪ್ ಕ್ಯಾಟಲಾಗಿನ್ಯಾಗ. ಮುಗದ ಕಾರ್ಡಿನ ಫೋಟೋಕ್ಕಿಂತ ಹಾಳಿ ಎತ್ತೋ ವಿಡಿಯೋ, ಆ ಒಂದು ಕ್ಷಣ, ಅದನ್ನ ಮಂದಿ ನೋಡ್ತಾರ. ದೊಡ್ಡ ಆನ್‌ಲೈನ್ ಮಾರ್ಕೆಟ್ಟಿನ್ಯಾಗ ಹಾಕಾಕ ಜಿಎಸ್‌ಟಿ ಬೇಕಂತ ಬಿಟ್ಟಿದ್ದೆ, 2023 ಅಕ್ಟೋಬರ್ 1ರಿಂದ ನಮ್ಮಂಥ ಸಣ್ಣೋರು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ತಮ್ಮ ರಾಜ್ಯದೊಳಗ ಮಾರಬಹುದಂತ ಆಗೇತಿ, ಆದ್ರ ಅವರ ಕಮಿಷನ್ ಲೆಕ್ಕ ನೋಡಿ ಮತ್ತ ಸುಮ್ಮನಾದೆ. ಪಾರ್ಸಲ್ ಹಿಂದ ಸೀರಿ ಅಂಗಡಿಯ ಖಾಲಿ ಡಬ್ಬಿ ರಟ್ಟು ಕತ್ತರಿಸಿ ಇಡ್ತೀನಿ, ಬಾಗಂಗಿಲ್ಲ, ಪುಕ್ಕಟೆ ಸಿಗತೈತಿ.

ಸದ್ಯ ಹೋಳಿದು ನಡದೈತಿ. ನಮ್ಮ ಬಾಗಲಕೋಟಿ ಹೋಳಿ ಗೊತ್ತಲ್ಲ, ಹಲಗಿ ಸಪ್ಪಳ, ಬಂಡ್ಯಾಗ ಬಣ್ಣದ ಬ್ಯಾರಲ್ಲು, ಬಣ್ಣದಾಟ ಒಂದ ದಿನಕ್ಕ ಮುಗಿಯಂಗಿಲ್ಲ. ಹಲಗಿ ಬಾರಿಸೋ ಹುಡುಗನ್ನ ಹೋದ ವರ್ಷ ಕಿಲ್ಲಾದಾಗ ನಿಂತು ಬಿಡಿಸಿದ್ದೆ, ಈ ಸಲ ಬ್ಲಾಕ್ ಕೆತ್ತಿದೆ, ಅವಸರದಾಗ ಸ್ಕೆಚ್ ಸೀದಾ ಇಳಿಸಿಬಿಟ್ಟೀನಿ. ಪ್ರೂಫ್ ತಗದ್ರ ಹುಡುಗ ಎಡಚ ಆಗ್ಯಾನ. ‘ಎಡಗೈಲೆ ಬಾರಿಸೋರು ಇರಂಗಿಲ್ಲೇನು’ ಅಂತಾರ ನಮ್ಮ ಮನಿಯವ್ರು. ಇರ್ತಾರ ಖರೆ. ಆದ್ರ ಹಲಗಿ ಬಾರಿಸೋರು ಯಾರರ ಬಂದು ನೋಡೋತನಕ ಪ್ರಿಂಟ್ ಹಾಕಿಲ್ಲ, ಬ್ಲಾಕ್ ಕಪಾಟಿನ ಮ್ಯಾಲ ಐತಿ.