ದೀಪ ಆರಿಸುವ ಮೊದಲು ಹವಾ ನೋಡಿ

ಗದಗದ ಮುಳಗುಂದ ನಾಕಾ ಹತ್ತಿರ ನನ್ನದು ಟೈರ್ ಅಂಗಡಿ. ಮೊದಲು ಗಿರಾಕಿಗಳು ‘ಹವಾ ನೋಡಿ’ ಎನ್ನುತ್ತಿದ್ದರು. ಈಗ ‘ಅಣ್ಣಾ, ಈ ದೀಪವೊಂದನ್ನು ಆರಿಸಿಕೊಡಿ’ ಎನ್ನುತ್ತಾರೆ. ಹಳದಿ ಬಣ್ಣದ ಕುದುರೆ ಲಾಳ, ನಡುವೆ ಆಶ್ಚರ್ಯಸೂಚಕ ಚಿಹ್ನೆ: ಟೈರಿನಲ್ಲಿ ಹವಾ ಇಳಿದಿದೆ ಎಂದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ದೀಪ ಅದು. ಆರಿಸುವುದು ನಿಮಿಷದ ಕೆಲಸ. ಆದರೆ ಬಹಳಷ್ಟು ಕಾರುಗಳಲ್ಲಿ ರೀಸೆಟ್ ಎಂದರೆ ‘ಈಗಿರುವ ಹವಾ ಸರಿಯಾಗಿದೆ, ಇದನ್ನೇ ಲೆಕ್ಕಕ್ಕೆ ಹಿಡಿ’ ಎಂದು ಕಾರಿಗೆ ಹೇಳುವುದು. ಹವಾ ಇಳಿದು 24 ಪಿಎಸ್‌ಐಗೆ (ಹವಾದ ಒತ್ತಡದ ಅಳತೆ) ಬಂದ ಟೈರಿನ ಮೇಲೆ ಹಾಗೆ ಹೇಳಿದರೆ ಕಾರು ಅದನ್ನೂ ನಂಬಿಕೊಂಡು ಸುಮ್ಮನಿರುತ್ತದೆ.

ಎಷ್ಟು ಹವಾ ಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ಚೀಟಿಯ ಅಂಕಿ ತಣ್ಣನೆಯ ಟೈರಿಗೆ, ಅಂದರೆ ಗಾಡಿ ಕನಿಷ್ಠ 3 ತಾಸು ನಿಂತಿರಬೇಕು. ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ನಡುಮಧ್ಯಾಹ್ನ ಬಂದ ಗಾಡಿಯ ಟೈರನ್ನು ಮುಟ್ಟಿ ನೋಡಿ, ಕೈ ಹಿಂದೆ ಬರುತ್ತದೆ. ಆಗ ಗೇಜು ಹೆಚ್ಚು ತೋರಿಸಿತೆಂದು ಹವಾ ಬಿಡಿಸಿದವರು ಮರುದಿನ ಬೆಳಿಗ್ಗೆ ಮತ್ತೆ ದೀಪ ನೋಡುತ್ತಾರೆ. ಉಷ್ಣತೆ 10 ಡಿಗ್ರಿ ಇಳಿದರೆ ಹೆಚ್ಚುಕಡಿಮೆ 2 ಪಿಎಸ್‌ಐ ಇಳಿಯುತ್ತದೆ. ಚಳಿಗಾಲದ ಮುಂಜಾನೆ ದೀಪ ಹತ್ತಿ, ಗಾಡಿ ಓಡಿದ ಮೇಲೆ ಆರಿದರೆ ಕಾರಣ ಬಹುಮಟ್ಟಿಗೆ ಇದೇ: ಹವಾ ಮೊದಲೇ ಅಂಚಿನಲ್ಲಿತ್ತು.

ನಾಲ್ಕನ್ನೂ ಅಳೆಯಿರಿ. ಮೂರು ಸರಿಯಿದ್ದು ಒಂದೇ ಇಳಿದಿದ್ದರೆ ಮೊಳೆಯನ್ನೋ ಜಾಲಿ ಮುಳ್ಳನ್ನೋ ಹುಡುಕಬೇಕು. ವಾಲ್ವಿನ ಬಾಯಿಗೆ ಬೆರಳಿನಿಂದ ಉಗುಳು ಸವರುವುದು ನಮ್ಮ ಹಳೆಯ ಪದ್ಧತಿ. ಗುಳ್ಳೆ ಉಬ್ಬಿದರೆ ಸೋರಿಕೆ ಅಲ್ಲೇ ಇದೆ. ಅಸಹ್ಯ ಎನ್ನುವವರು ಸಾಬೂನು ನೀರು ಹಾಕಲಿ.

ಇನ್ನು ರೀಸೆಟ್. ಗಾಡಿ ನಿಲ್ಲಿಸಿ ಇಗ್ನಿಷನ್ ಆನ್ ಮಾಡಿ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಅದೇ ಲಾಳದ ಗುರುತಿನ ಗುಂಡಿ ಇರುತ್ತದೆ. ದೀಪ ಮಿನುಗುವವರೆಗೆ ಅಥವಾ ಬೀಪ್ ಕೇಳುವವರೆಗೆ ಒತ್ತಿ ಹಿಡಿಯಿರಿ. ಗುಂಡಿ ಇಲ್ಲದಿದ್ದರೆ ಪರದೆಯಲ್ಲಿ ವಾಹನದ ಸೆಟ್ಟಿಂಗ್‌ ತೆರೆದು ಟೈರ್ ಪ್ರೆಷರ್ ಹುಡುಕಿ. ನಿಮ್ಮ ಮಾದರಿಯ ಕ್ರಮ ಕೈಪಿಡಿಯಲ್ಲಿದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೂಡ ಹರಿಯದೆ ಮಲಗಿರುತ್ತದೆ. ಗುಂಡಿ ಒತ್ತಿದಲ್ಲಿಗೆ ಕೆಲಸ ಮುಗಿಯದ ಗಾಡಿಗಳೂ ಇವೆ. ಟೈರಿನೊಳಗೆ ಹವಾ ಅಳೆಯುವ ಸೆನ್ಸರ್ ಇಲ್ಲದ ಕಾರು ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆಯಿಂದ ಗಾಲಿಗಳ ವೇಗ ತಿಳಿದು ಹೋಲಿಸುತ್ತದೆ. ಹವಾ ಇಳಿದ ಗಾಲಿ ತುಸು ಚಿಕ್ಕದಾಗಿ ಹೆಚ್ಚು ತಿರುಗುತ್ತದೆ, ಅದರಿಂದ ಪತ್ತೆ. ಈ ಲೆಕ್ಕ ಕಲಿಯಲು ಅದಕ್ಕೆ ರಸ್ತೆ ಬೇಕು. ಬಿಂಕದಕಟ್ಟಿ ದಾಟಿ ಹುಲಕೋಟಿ ಕಡೆಗೆ ಒಂದೇ ಹದದಲ್ಲಿ ಓಡಿಸಿಕೊಂಡು ಬನ್ನಿ. ಊರೊಳಗಿನ ಗುಂಡಿಗಳಲ್ಲಿ ಸುತ್ತಿ ‘ಆಗಲಿಲ್ಲ’ ಎನ್ನಬೇಡಿ.

ಇಗ್ನಿಷನ್ ಆನ್ ಮಾಡಿದಾಗ ದೀಪ ಒಂದು ನಿಮಿಷದಷ್ಟು ಮಿನುಗಿ ನಂತರ ಉರಿಯುತ್ತಲೇ ಇದ್ದರೆ ದೋಷ ಹವಾದ್ದಲ್ಲ, ವ್ಯವಸ್ಥೆಯದು. ಸೆನ್ಸರ್ ಇರುವ ಕಾರಾದರೆ ಅದರೊಳಗಿನ ಬ್ಯಾಟರಿ ಮುಗಿದಿರಬಹುದು, ಅಥವಾ ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿರಬಹುದು. ಇದಕ್ಕೆ ಸ್ಕ್ಯಾನರ್ ಇರುವ ವರ್ಕ್‌ಶಾಪೇ ಬೇಕು. ನಾನೂ ಅಲ್ಲಿಗೇ ಕಳಿಸುತ್ತೇನೆ. ಪಂಚರ್ ತೆಗೆಸುವಾಗ ಮಾತ್ರ ‘ಒಳಗೆ ಸೆನ್ಸರ್ ಇದೆ’ ಎಂದು ಮೊದಲೇ ಹೇಳಿಬಿಡಿ. ಅದು ವಾಲ್ವಿನ ಬುಡಕ್ಕೇ ಅಂಟಿಕೊಂಡಿರುತ್ತದೆ. ಗೊತ್ತಿಲ್ಲದವನು ಅಲ್ಲಿ ಸಲಾಕೆ ಹಾಕಿ ಮೀಟಿದರೆ ಪಂಚರಿನ ನೂರು ರೂಪಾಯಿ ಲೆಕ್ಕ ಸಾವಿರಗಳಿಗೆ ಏರುತ್ತದೆ.